ಬಾಗಿಲಿಗೆ ಅಡ್ಡ ಕೂತ ರಾಣಿ

ಹಳೆಯ ಸಮಾಧಿಗಳನ್ನು ನೋಡುವ ರುಚಿ ಹತ್ತಿದವರು ಉತ್ತರ ಕೊರಿಯಾದ ಕೇಸೊಂಗ್ ಬಳಿಯ ಜೋಡಿ ದಿಬ್ಬಗಳನ್ನು ಫೋಟೊದಲ್ಲಾದರೂ ಬಿಡುವಾಗಿ ನೋಡಬೇಕು. ಒಂದು ಗೊರ್ಯೊ ವಂಶದ ದೊರೆ ಗೊಂಗ್‌ಮಿನ್‌ನದು, ಪಕ್ಕದ್ದು ಅವನ ಪಟ್ಟದರಾಣಿ ನೊಗುಕ್‌ಳದು. ಸುತ್ತ ಕೆತ್ತನೆಯ ಕಲ್ಲುಕಟ್ಟು, ಕಾವಲಿಗೆ ಕಲ್ಲಿನ ಹುಲಿಗಳು, ಕುರಿಗಳು, ಕೆಳಗಿನ ಜಗಲಿಗಳಲ್ಲಿ ಮಂತ್ರಿಗಳು, ಸೇನಾನಿಗಳು. ಒಳಗೆ ಎರಡು ಕೋಣೆಗಳ ನಡುವೆ ಒಂದು ಸಣ್ಣ ಕಿಂಡಿ, ಸತ್ತ ಮೇಲೂ ಇಬ್ಬರ ಆತ್ಮಗಳು ಹೋಗಿ ಬರಲಿ ಎಂದು.

1365ರಲ್ಲಿ ರಾಣಿ ಹೆರಿಗೆಯಲ್ಲಿ ತೀರಿಕೊಂಡಳು. ದೊರೆ ಸ್ವತಃ ಚಿತ್ರಕಾರ. ಅವಳ ಚಿತ್ರ ಬರೆದು, ಅದರೆದುರೇ ಊಟಕ್ಕೆ ಕೂತು ಅಳುತ್ತಿದ್ದ, ಮೂರು ವರ್ಷ ಮಾಂಸ ಮುಟ್ಟಲಿಲ್ಲ ಎನ್ನುತ್ತದೆ ಅಲ್ಲಿನ ಚರಿತ್ರೆ. ಜನರ ಬಾಯಲ್ಲಿ ಉಳಿದಿರುವುದು ಹೆಚ್ಚಾಗಿ ಈ ದುಃಖದ ಕಥೆಯೇ. ನನಗೋ, ಅವಳು ಬದುಕಿದ್ದಾಗ ಮಾಡಿದ್ದೇ ದೊಡ್ಡದು.

ಅವಳು ಮಂಗೋಲರ ಯುವಾನ್ ರಾಜಮನೆತನದ ಹೆಣ್ಣು. ಗೊರ್ಯೊ ಆಗ ಅವರ ಅಂಕೆಯಲ್ಲಿತ್ತು. ಅಲ್ಲಿನ ರಾಜಕುಮಾರರನ್ನು ತಮ್ಮ ರಾಜಧಾನಿಯಲ್ಲಿ ಇರಿಸಿಕೊಂಡು, ಮನೆಯ ಹೆಣ್ಣು ಕೊಟ್ಟು ಕಳಿಸುವುದು ಯುವಾನರ ರೂಢಿ. 1349ರಲ್ಲಿ ಇಂದಿನ ಬೀಜಿಂಗ್‌ನಲ್ಲಿ ಮದುವೆಯಾಯಿತು, 1351ರಲ್ಲಿ ಗಂಡನಿಗೆ ಪಟ್ಟ ಸಿಕ್ಕಿತು. ಸಿಕ್ಕಿದ್ದೇ ತಡ, ಅವನು ಮಂಗೋಲರ ಜಡೆ, ಉಡುಪು ಬಿಟ್ಟ. 1356ರಲ್ಲಿ ಯುವಾನ್ ಚಕ್ರವರ್ತಿಯ ಕೊರಿಯನ್ ರಾಣಿಯ ಅಣ್ಣ ಕಿ ಚೊಲ್‌ನನ್ನೇ ಕೊಲ್ಲಿಸಿ, ಮಂಗೋಲರ ಕೈಸೇರಿದ್ದ ಉತ್ತರದ ಸೀಮೆಯನ್ನು ಮರಳಿ ಪಡೆದ. ತವರಿಗೂ ಗಂಡನಿಗೂ ಹೀಗೆ ಹತ್ತಿಕೊಂಡಾಗ ಹೆಂಡತಿ ಯಾರ ಕಡೆ?

1363ರಲ್ಲಿ ಅದು ಬಯಲಾಯಿತು. ದೊರೆ ಹುಂಗ್ವಾಂಗ್ ವಿಹಾರದಲ್ಲಿ ಬಿಡಾರ ಮಾಡಿದ್ದಾಗ ಅವನ ಆಪ್ತ ಕಿಮ್ ಯೊಂಗ್‌ನ ಪಿತೂರಿಯಿಂದ ಹಂತಕರು ಒಳನುಗ್ಗಿದರು. ದೊರೆಯನ್ನೇ ಹೋಲುತ್ತಿದ್ದ ಒಬ್ಬ ಸೇವಕ ಅವನ ಹಾಸಿಗೆಯಲ್ಲಿ ಮಲಗಿ ಪ್ರಾಣ ಕೊಟ್ಟ. ಇನ್ನೊಬ್ಬ ದೊರೆಯನ್ನು ಬೆನ್ನಮೇಲೆ ಹೊತ್ತು ರಾಜಮಾತೆಯ ಕೋಣೆಗೆ ತಂದು ಕಂಬಳಿ ಮುಚ್ಚಿದ. ನೊಗುಕ್ ಹೋಗಿ ಆ ಬಾಗಿಲಲ್ಲೇ ಕೂತುಬಿಟ್ಟಳು. ಒಳಗೆ ಹೋಗಬೇಕಾದರೆ ಅವಳನ್ನು ದಾಟಬೇಕು. ಅವಳ ಮೇಲೆ ಕೈಮಾಡುವುದೆಂದರೆ ಯುವಾನ್ ರಾಜಪುತ್ರಿಯ ಮೇಲೆ ಕೈಮಾಡಿದಂತೆ. ತವರಿನ ದೊಡ್ಡ ಹೆಸರನ್ನು ಅವಳು ಆ ತವರನ್ನೇ ಎದುರುಹಾಕಿಕೊಂಡ ಗಂಡನ ಕಾವಲಿಗೆ ನಿಲ್ಲಿಸಿದಳು. ಸಮಾಧಿಯ ಕಿಂಡಿಗಿಂತ ನನ್ನ ಮನಸ್ಸಿನಲ್ಲಿ ಕೂತಿರುವುದು ಈ ಬಾಗಿಲು.

ಕೇಸೊಂಗ್‌ಗೆ ಹೋಗುವುದು ನಮ್ಮಂಥವರಿಗೆ ಸುಲಭವಲ್ಲ. ಸೋಲ್‌ಗೆ ಹೋದವರು ಜೊಂಗ್‌ಮ್ಯೊಗೆ ಹೋಗಿಬನ್ನಿ. ಗೊರ್ಯೊವನ್ನು ಕೆಡವಿ ಬಂದ ಜೊಸೊನ್ ದೊರೆಗಳ ಪಿತೃಮಂದಿರ ಅದು. ಅಲ್ಲೇ ಒಂದು ಪುಟ್ಟ ಗುಡಿಯೊಳಗೆ ಗೊಂಗ್‌ಮಿನ್, ನೊಗುಕ್ ಇಬ್ಬರನ್ನೂ ಜೊತೆಯಾಗಿ ಕೂರಿಸಿದ ಚಿತ್ರವಿದೆ. ಮುಖ್ಯ ಮಂದಿರ ನೋಡುವ ಆತುರದಲ್ಲಿ ಅದನ್ನು ದಾಟಿಹೋಗಬೇಡಿ.