ಏಳು ದಿನದ ಲೆಕ್ಕ ತಪ್ಪಿದ ಔಷಧಿ

ಬೆಳಗಾವಿಯಲ್ಲಿ ಅಂಗಳದ ದಾಸವಾಳಕ್ಕೆ ಹಿಟ್ಟು ತಿಗಣೆ ಹತ್ತಿತೆಂದರೆ ಸಲಹೆಗಳಿಗೆ ಬರವಿಲ್ಲ. ಶಹಾಪುರದ ಹಳೆಯ ಮನೆಗಳಲ್ಲಿ ಹಿರಿಯರು ಒಲೆಯ ಬೂದಿ ಉದುರಿಸು ಎನ್ನುತ್ತಾರೆ. ಟಿಳಕವಾಡಿಯ ನೆರೆಯವರು ಬಟ್ಟೆ ಸೋಪಿನ ಪುಡಿ ಕದಡಿ ಹೊಡೆಯಿರಿ ಎನ್ನುತ್ತಾರೆ. ನಿಪ್ಪಾಣಿ ಕಡೆಯ ನೆಂಟರಿದ್ದರೆ ತಂಬಾಕು ನೆನೆಸಿದ ನೀರಿನ ಮಾತು ಬರುತ್ತದೆ. ಗೊಬ್ಬರದಂಗಡಿಗೆ ಹೋದರೆ ಒಂದು ಬಾಟಲಿಯೇ ಮುಂದೆ ಬಂದು ಕೂರುತ್ತದೆ. ಯಾವುದನ್ನು ಮಾಡಿದರೂ ಎರಡು ದಿನ ಗಿಡ ಹಸನಾಗಿ ಕಾಣುತ್ತದೆ. ಹದಿನೈದು ದಿನ ಕಳೆಯುವುದರೊಳಗೆ ಮೊಗ್ಗಿನ ಬುಡದಲ್ಲಿ ಮತ್ತೆ ಹತ್ತಿ ಅಂಟಿಸಿದಂಥ ಬಿಳುಪು. ಔಷಧಿ ತಾಕಲಿಲ್ಲವೆಂದು ಇನ್ನೂ ಘಾಟಾದುದನ್ನು ಹುಡುಕಲು ಹೊರಡುವುದು ಆಗಲೇ.

ತಪ್ಪು ಇರುವುದು ಔಷಧಿಯ ಘಾಟಿನಲ್ಲಲ್ಲ, ದಿನದ ಲೆಕ್ಕದಲ್ಲಿ. ಹಿಟ್ಟು ತಿಗಣೆಯ ಒಂದು ಹೆಣ್ಣು ಮೇಣದೆಳೆಯ ಚೀಲದೊಳಗೆ ನೂರಾರು ಮೊಟ್ಟೆ ಇಡುತ್ತದೆ. ಆ ಚೀಲಕ್ಕೆ ನೀರು ಅಂಟುವುದಿಲ್ಲ, ನೀರಿನಲ್ಲಿ ಕದಡಿದ ಔಷಧಿಯೂ ಅಂಟುವುದಿಲ್ಲ. ಇಂದು ಹೊಡೆದದ್ದು ಹೊರಗೆ ಹರಿದಾಡುವ ಮರಿಗಳನ್ನು ಕೊಲ್ಲುತ್ತದೆ. ಚೀಲದೊಳಗಿನವು ವಾರದ ಆಸುಪಾಸಿನಲ್ಲಿ ಒಡೆದು ಹೊರಬರುತ್ತವೆ. ಆಗಷ್ಟೇ ಹುಟ್ಟಿದ, ಮೈಮೇಲೆ ಇನ್ನೂ ಮೇಣ ಬೆಳೆಯದ ಈ ಮರಿಗಳೇ ಕೈಗೆ ಸುಲಭವಾಗಿ ಸಿಗುವಂಥವು. ಅವು ಹೊರಬರುವ ಹೊತ್ತಿಗೆ ಮನೆಯವರು ಪಂಪನ್ನು ತೊಳೆದು ಅಟ್ಟಕ್ಕೆ ಹಾಕಿರುತ್ತಾರೆ. ಸೌಮ್ಯವಾದ ಉಪಾಯವನ್ನೇ ಏಳು ದಿನಕ್ಕೊಮ್ಮೆಯಂತೆ ನಾಲ್ಕು ಸಲ ಮಾಡಿದರೆ ಆಗುವ ಕೆಲಸ, ಘೋರ ವಿಷವನ್ನು ಒಂದೇ ಸಲ ಸುರಿದರೆ ಆಗುವುದಿಲ್ಲ.

ತಂಬಾಕಿನ ನೀರಿನ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಈ ಜಿಲ್ಲೆಯಲ್ಲಿ ಅದಕ್ಕಿರುವ ನಂಬಿಕೆ ದೊಡ್ಡದು. ನಿಪ್ಪಾಣಿ ಬೀಡಿ ತಂಬಾಕಿನ ಪೇಟೆ; ಪುಡಿ, ಕಡ್ಡಿ, ದೂಳು ಅಗ್ಗವಾಗಿ ಸಿಗುತ್ತವೆ. ರಾತ್ರಿ ನೆನೆಸಿ ಬೆಳಿಗ್ಗೆ ಸೋಸಿದ ಆ ಕಂದು ನೀರು ಕೀಟವನ್ನು ಕೊಲ್ಲುವುದು ನಿಜ. ಅದರಲ್ಲಿರುವ ನಿಕೋಟಿನ್ ಕೀಟದ ನರವನ್ನೇ ಹಿಡಿಯುತ್ತದೆ. ಆದರೆ ಅದು ಮನುಷ್ಯನ ಚರ್ಮದ ಮೂಲಕವೂ ಒಳಗಿಳಿಯುತ್ತದೆ. ಹಸಿ ತಂಬಾಕು ಕೊಯ್ಯುವವರಿಗೆ ತಲೆಸುತ್ತು, ವಾಂತಿ ಬರುವುದು ಇದರಿಂದಲೇ. ನಿಕೋಟಿನ್ ಸಲ್ಫೇಟ್ ಎಂಬ ಕೀಟನಾಶಕವನ್ನು ಭಾರತದಲ್ಲಿ ಬಳಸುವುದಕ್ಕೆ ನಿಷೇಧವಿದೆ, ರಫ್ತಿಗಾಗಿ ತಯಾರಿಸಲು ಮಾತ್ರ ಅವಕಾಶ. ಅಂಗಡಿಯಲ್ಲಿ ಮಾರಬಾರದ ವಸ್ತುವನ್ನು ಅಡುಗೆಮನೆಯ ಪಾತ್ರೆಯಲ್ಲಿ ತಯಾರಿಸಿ ಅದಕ್ಕೆ ಸಾವಯವ ಎಂಬ ಗೌರವ ಕೊಡುವುದು ಸರಿಯಲ್ಲ. ತಂಬಾಕಿನ ಎಲೆಯಲ್ಲಿ ಮೊಸಾಯಿಕ್ ರೋಗದ ವೈರಸ್ ಇರಬಹುದು, ಅದು ಪಕ್ಕದ ಕುಂಡದ ಟೊಮೆಟೊ, ಮೆಣಸಿನ ಗಿಡಕ್ಕೆ ಕೈಯಿಂದಲೇ ದಾಟುತ್ತದೆ. ಮಕ್ಕಳು ಓಡಾಡುವ ಪಡಸಾಲೆಯಲ್ಲಿ ತಂಬಾಕಿನ ನೀರಿಗೆ ಜಾಗವಿಲ್ಲ.

ಗೊಬ್ಬರದಂಗಡಿಯ ಬಾಟಲಿಯಲ್ಲಿರುವುದು ಬಹುಪಾಲು ಇಮಿಡಾಕ್ಲೋಪ್ರಿಡ್. ಇದೂ ನಿಕೋಟಿನ್ ತಾಕುವ ನರದ ಜಾಗವನ್ನೇ ತಾಕುತ್ತದೆ. ಶೇಕಡಾ 17.8ರ ದ್ರಾವಣವನ್ನು ಲೀಟರ್ ನೀರಿಗೆ ಸುಮಾರು 0.3 ಮಿಲಿ ಬೆರೆಸುವುದು ರೂಢಿ. ಅಂದರೆ 100 ಮಿಲಿಯ ಒಂದು ಬಾಟಲಿಯಿಂದ ಮುನ್ನೂರು ಲೀಟರಿಗೂ ಹೆಚ್ಚು ಔಷಧಿಯಾಗುತ್ತದೆ. ಹೊಲಕ್ಕೆ ಸರಿ, ಇಪ್ಪತ್ತು ಕುಂಡಗಳ ಮನೆಗೆ ಅದು ವರ್ಷಗಟ್ಟಲೆ ಗೂಡಿನಲ್ಲಿ ಉಳಿಯುವ ವಿಷ. 0.3 ಮಿಲಿ ಅಳೆಯುವ ಸಾಧನ ಯಾವ ಅಡುಗೆಮನೆಯಲ್ಲೂ ಇರುವುದಿಲ್ಲ, ಮುಚ್ಚಳದಲ್ಲಿ ಅಂದಾಜು ಸುರಿದರೆ ಹತ್ತು ಪಟ್ಟು ಹೆಚ್ಚಾಗುವುದಕ್ಕೆ ತಡವಿಲ್ಲ. ಈ ವಿಷ ಗಿಡದ ರಸದೊಳಗೆ ಸೇರಿ ಎಲೆ, ಹೂವು, ಮಕರಂದಕ್ಕೆಲ್ಲ ಹರಡುತ್ತದೆ. ಜೇನುನೊಣಕ್ಕೆ ಅದು ಮಾರಕ. ಇದಕ್ಕೂ ಹಿಂದೆ ನುವಾನ್ ಎಂಬ ಹೆಸರಿನಲ್ಲಿ ಮನೆಮಾತಾಗಿದ್ದ ಡೈಕ್ಲೋರ್ವಾಸ್ ದೇಶದಲ್ಲಿ 2020ರ ಡಿಸೆಂಬರ್ 31ರಿಂದ ನಿಷಿದ್ಧವಾಗಿದೆ. ಹಳೆಯ ಬಾಟಲಿ ಅಟ್ಟದ ಮೇಲಿದ್ದರೆ ಅದನ್ನು ಮುಟ್ಟಲೇಬಾರದು.

ಮನೆಯ ಗಿಡಗಳೇನು ಬರೀ ನೋಡುವುದಕ್ಕೆ ಇಟ್ಟವೇ? ತುಳಸಿ ತೀರ್ಥಕ್ಕೆ ಬೀಳುತ್ತದೆ, ಕರಿಬೇವು ಒಗ್ಗರಣೆಗೆ, ದಾಸವಾಳ ದೇವರ ಮುಡಿಗೆ. ಬಾಯಿಗೂ ದೇವರಿಗೂ ಹೋಗುವ ಎಲೆಯೊಳಗೆ ವಿಷ ಓಡಿಸುವುದನ್ನು ಯಾವ ವಾದವೂ ಸಮರ್ಥಿಸಲಾರದು.

ಬೇವಿನೆಣ್ಣೆಗೆ ಅದರ ಯೋಗ್ಯತೆಗಿಂತ ಹೆಚ್ಚಿನ ಕೀರ್ತಿಯೂ ಇದೆ, ಯೋಗ್ಯತೆಗಿಂತ ಹೆಚ್ಚಿನ ಬೈಗುಳವೂ ಇದೆ. ಅದರಲ್ಲಿರುವ ಅಜಾಡಿರೆಕ್ಟಿನ್ ಕೀಟವನ್ನು ಕೂಡಲೇ ಕೊಲ್ಲುವುದಿಲ್ಲ. ತಿನ್ನುವ ಬಯಕೆ ಕುಗ್ಗಿಸುತ್ತದೆ, ಮರಿ ಪೊರೆ ಕಳಚಿ ಬೆಳೆಯುವುದನ್ನು ತಡೆಯುತ್ತದೆ. ಮರುದಿನ ಬೆಳಿಗ್ಗೆ ಸತ್ತ ತಿಗಣೆ ಹುಡುಕುವವರಿಗೆ ನಿರಾಸೆಯೇ. ಬಿಸಿಲಿಗೆ ಅದು ಬೇಗ ಕೆಡುವುದರಿಂದ ಸಂಜೆ ಹೊಡೆಯಬೇಕು. ಎಣ್ಣೆ ನೀರಿನಲ್ಲಿ ತಾನಾಗಿ ಬೆರೆಯುವುದಿಲ್ಲ. ಲೀಟರ್ ನೀರಿಗೆ 5 ಮಿಲಿ ಎಣ್ಣೆ, ಮೊದಲು ಚೂರು ಸೌಮ್ಯ ಸೋಪಿನಲ್ಲಿ ಕಡೆದು ಆಮೇಲೆ ನೀರು. ಇದನ್ನು ಬಿಟ್ಟು ಎಣ್ಣೆಯನ್ನು ನೇರವಾಗಿ ಸವರಿದರೆ ಎಲೆ ಸುಟ್ಟು ಉದುರುತ್ತದೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬೇವಿನ ಸೋಪು, ಹೊಂಗೆ ಸೋಪುಗಳನ್ನು ರೂಪಿಸಿದ್ದು ಈ ಬೆರೆಸುವ ತಾಪತ್ರಯ ತಪ್ಪಲೆಂದೇ. ತುರಿದು ನೀರಿಗೆ ಹಾಕಿದರೆ ಸಾಕು. ಮನೆಗಳ ಮಟ್ಟಿಗೆ ಇಷ್ಟು ಅಚ್ಚುಕಟ್ಟಾದ ವಸ್ತು ಬೇರೆ ಇಲ್ಲ. ಬಟ್ಟೆ ಒಗೆಯುವ ಪುಡಿ ಇದಕ್ಕೆ ಬದಲಿಯಲ್ಲ, ಅದರ ಕ್ಷಾರ ಎಳೆ ಚಿಗುರನ್ನು ಕೊಲ್ಲುತ್ತದೆ.

ಬೂದಿಯ ವಿಷಯ ಚಿಕ್ಕದು: ಎಲೆಯ ಮೇಲೆ ಒಣಗಿರುವಷ್ಟು ಹೊತ್ತು ಕೊಂಚ ಉಪಯೋಗ, ಕುಂಡದ ಮಣ್ಣಿಗೆ ಬಿದ್ದು ಬಿದ್ದು ಕೊನೆಗೆ ಕೆಡುಕು.

ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಯಾರೂ ಹೊಗಳದ ಉಪಾಯ. ಹೆಚ್ಚು ಮುತ್ತಿದ ತುದಿಗಳನ್ನು ಕತ್ತರಿಸಿ ಚೀಲದಲ್ಲಿ ಕಟ್ಟಿ ಒಗೆಯುವುದು. ಉಳಿದ ಗಿಡವನ್ನು ಪೈಪಿನ ನೀರಿನಿಂದ, ಎಲೆಯ ಅಡಿಭಾಗ ಬಿಡದೆ, ರಭಸವಾಗಿ ತೊಳೆಯುವುದು. ಕವಲಿನ ಸಂದಿಯಲ್ಲಿ ಉಳಿದವನ್ನು ಸ್ಯಾನಿಟೈಸರ್ ಅದ್ದಿದ ಹತ್ತಿಯಿಂದ ಒರೆಸುವುದು. ಆಲ್ಕೋಹಾಲ್ ಮೇಣವನ್ನು ಕರಗಿಸುತ್ತದೆ. ಜೊತೆಗೆ ಇರುವೆಯ ದಾರಿ ಕಡಿಯಬೇಕು. ತಿಗಣೆ ಸುರಿಸುವ ಸಿಹಿ ಅಂಟಿಗಾಗಿ ಇರುವೆಗಳು ಅವನ್ನು ಕಾಯುತ್ತವೆ, ಶತ್ರು ಕೀಟಗಳನ್ನು ಓಡಿಸುತ್ತವೆ. ಕುಂಡವನ್ನು ನೀರು ತುಂಬಿದ ತಟ್ಟೆಯ ನಡುವೆ ಇಟ್ಟಿಗೆಯ ಮೇಲೆ ಇಟ್ಟರೆ ಕಾವಲು ಮುರಿಯುತ್ತದೆ.

ಮಾರ್ಚ್, ಏಪ್ರಿಲ್‌ನ ಒಣಗಾಳಿಯಲ್ಲಿ ಎಲೆ ಮಂಕಾಗಿ, ಚುಕ್ಕೆ ಬಿದ್ದು, ತೆಳುವಾದ ಬಲೆ ಕಂಡರೆ ಅದು ಕೀಟವೇ ಅಲ್ಲ, ಎಂಟು ಕಾಲಿನ ನುಸಿ. ಬಿಳಿ ಹಾಳೆಯ ಮೇಲೆ ಎಲೆ ತಟ್ಟಿದರೆ ಓಡಾಡುವ ಚುಕ್ಕೆಗಳು ಕಾಣುತ್ತವೆ. ಇಮಿಡಾಕ್ಲೋಪ್ರಿಡ್ ಅದನ್ನು ಕೊಲ್ಲುವುದಿಲ್ಲ. ಹೊಡೆದ ಮೇಲೆ ನುಸಿ ಹೆಚ್ಚಾದ ಉದಾಹರಣೆಗಳೇ ಇವೆ. ತಣ್ಣೀರಿನ ರಭಸಕ್ಕೆ ಮಾತ್ರ ಅದು ಹೆದರುತ್ತದೆ.

ಖಾನಾಪುರಕ್ಕೆ ಇಳಿದರೆ ಕಥೆ ಬದಲಾಗುತ್ತದೆ. ಜಾಂಬೋಟಿ, ಕಣಕುಂಬಿಯ ಮಳೆಯಲ್ಲಿ ಅಂಗಳದ ಗಿಡಗಳನ್ನು ಆಕಾಶವೇ ತೊಳೆಯುತ್ತದೆ, ಆದರೆ ಮಳೆಗೆ ಹೆದರಿ ಹಂಚಿನ ಸೂರಿನಡಿ ಎಳೆದಿಟ್ಟ ಕುಂಡಗಳಿಗೆ ಆ ಸ್ನಾನ ಇಲ್ಲ. ತಿಂಗಳುಗಟ್ಟಲೆ ಆರದ ಮಣ್ಣಿನಲ್ಲಿ ಸಣ್ಣ ಕರಿ ನೊಣಗಳು ಏಳುತ್ತವೆ, ಅವುಗಳ ಮರಿಗಳು ಬೇರಿನ ತುದಿ ಕಡಿಯುತ್ತವೆ. ಇದಕ್ಕೆ ಬೇಕಾದದ್ದು ಔಷಧಿಯಲ್ಲ, ಮೇಲುಮಣ್ಣು ಒಣಗುವವರೆಗೆ ನೀರು ನಿಲ್ಲಿಸುವುದು. ಮಣ್ಣು ಬೇಗ ಆರುವುದರಲ್ಲಿ ಕುಂಡದ ಪಾಲೂ ಇದೆ. ಖಾನಾಪುರದ ಜೇಡಿಮಣ್ಣಿಗೆ ಹೆಸರಿದೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಇರುವುದೂ ಅಲ್ಲೇ. ಸುಟ್ಟ ಮಣ್ಣಿನ ಕುಂಡ ಗೋಡೆಯಿಂದಲೂ ನೀರಾರಿಸುತ್ತದೆ, ಪ್ಲಾಸ್ಟಿಕ್ ಕುಂಡ ಆರಿಸುವುದಿಲ್ಲ. ಒಂದೇ ಎಚ್ಚರಿಕೆ: ಮಣ್ಣಿನ ಕುಂಡದ ಒರಟು ಅಂಚಿನಡಿ ತಿಗಣೆ ಮೊಟ್ಟೆಯಿಡುತ್ತದೆ, ಗಿಡ ತೊಳೆಯುವಾಗ ಅಂಚನ್ನೂ ಉಜ್ಜಬೇಕು. ತಿಗಣೆಗೆ ರೋಗ ಹತ್ತಿಸುವ, ರೈತರು ವರ್ಟಿಸಿಲಿಯಂ ಎನ್ನುವ ಶಿಲೀಂಧ್ರದ ಪುಡಿ ಈ ತೇವದ ಹವೆಯಲ್ಲಿ ಚೆನ್ನಾಗಿ ನಡೆಯುತ್ತದೆ. ಅದನ್ನೇ ಬೆಳಗಾವಿಯ ಏಪ್ರಿಲ್ ಬಿಸಿಲಿನಲ್ಲಿ ಹೊಡೆದರೆ ದುಡ್ಡು ದಂಡ. ಒಂದೇ ಜಿಲ್ಲೆಯ ಎರಡು ಊರಿಗೆ ಒಂದೇ ಸಲಹೆ ಕೊಡುವವರು ಇದನ್ನು ಗಮನಿಸುವುದಿಲ್ಲ.

ತುಳಸಿಗೆ ಬರುವ ಜಾಲರಿ ರೆಕ್ಕೆಯ ತಿಗಣೆ ಎಲೆಯ ಕೆಳಗೆ ಕುಳಿತು ರಸ ಹೀರಿ ಕಪ್ಪು ಚುಕ್ಕೆ ಉಳಿಸುತ್ತದೆ. ದ್ವಾದಶಿಯಂದು ತುಳಸಿ ಕೀಳಬಾರದೆಂಬ ನಿಯಮ ಪಾಲಿಸುವ ಮನೆಗಳಲ್ಲಿ ಕತ್ತರಿ ಹಾಕಲು ಹಿಂಜರಿಕೆ ಸಹಜ. ಆದರೆ ಮಂಜರಿ ತೆಗೆಯುವುದು ರೂಢಿಯಲ್ಲಿರುವ ಕ್ರಮವೇ. ಮಂಜರಿಯ ಜೊತೆ ಮುರುಟಿದ ತುದಿಗಳನ್ನೂ ತೆಗೆದರೆ ಗಿಡ ಹೊಸದಾಗಿ ಚಿಗುರುತ್ತದೆ. ಕರಿಬೇವಿನ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಹುಳು ನಿಂಬೆ ಚಿಟ್ಟೆಯ ಮರಿ, ದೊಡ್ಡ ಗಿಡವಿದ್ದರೆ ಅದಕ್ಕೆ ನಾಲ್ಕು ಎಲೆ ಬಿಟ್ಟುಕೊಡಬಹುದು.

ಇಷ್ಟೆಲ್ಲ ಹೇಳಿದ ಮೇಲೂ ಮನೆಗಳ ಪದ್ಧತಿಯಲ್ಲಿ ಕಾಣದ ದೊಡ್ಡ ಕೊರತೆಯೆಂದರೆ ಮಿತ್ರ ಕೀಟಗಳ ಪರಿಚಯ. 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಂಡ ಪಪ್ಪಾಯಿ ಹಿಟ್ಟು ತಿಗಣೆ ಕರ್ನಾಟಕದ ತೋಟಗಳಿಗೂ ಹಬ್ಬಿ, ಪಪ್ಪಾಯಿಯಿಂದ ದಾಸವಾಳದವರೆಗೆ ಎಲ್ಲವನ್ನೂ ಮುತ್ತಿತ್ತು. ಔಷಧಿಗಳು ಸೋತವು. 2010ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕೃಷಿ ಪ್ರಮುಖ ಕೀಟಗಳ ಬ್ಯೂರೊ ಪೋರ್ಟೊರಿಕೊದಿಂದ ತರಿಸಿ ಬಿಟ್ಟ ಅಸೆರೋಫೇಗಸ್ ಎಂಬ ಕಣಜದ ಜಾತಿಯ ಸಣ್ಣ ಜೀವಿ ಅದನ್ನು ಹತೋಟಿಗೆ ತಂದಿತು. ವಿಷ ಹೊಡೆದ ತೋಟದಲ್ಲಿ ಅದು ಉಳಿಯಲಾರದು, ಮನೆಯಂಗಳಕ್ಕೂ ಇದೇ ಮಾತು ಸಲ್ಲುತ್ತದೆ. 1898ರಲ್ಲಿ ಆಸ್ಟ್ರೇಲಿಯಾದಿಂದ ಕಾಫಿ ತೋಟಗಳಿಗಾಗಿ ತಂದ ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳು ದಕ್ಷಿಣ ಭಾರತದಲ್ಲಿ ನೆಲೆಯೂರಿ ಹಿಟ್ಟು ತಿಗಣೆಯನ್ನೇ ತಿಂದು ಬದುಕುತ್ತದೆ. ಅದರ ಮರಿಯ ಮೈಯೂ ಬಿಳಿ ಮೇಣದ ಎಳೆಗಳಿಂದ ಮುಚ್ಚಿರುವುದರಿಂದ ಮನೆಯವರು ಅದನ್ನು ತಿಗಣೆಯೆಂದೇ ತಿಳಿದು ಹೊಸಕಿಬಿಡುತ್ತಾರೆ. ಗುರುತು ಕಷ್ಟವಲ್ಲ. ತಿಗಣೆ ಮೂರು ನಾಲ್ಕು ಮಿಲಿಮೀಟರ್ ಉದ್ದ, ಕಡ್ಡಿಯಿಂದ ತಟ್ಟಿದರೂ ಕದಲಲು ಹೊತ್ತು ತೆಗೆದುಕೊಳ್ಳುತ್ತದೆ. ಗುಲಗಂಜಿಯ ಮರಿ ಬೆಳೆದಾಗ ಅದರ ಮೂರು ಪಟ್ಟು ದೊಡ್ಡದು, ಎಳೆಗಳು ಉದ್ದ, ತಟ್ಟಿದ ಕೂಡಲೇ ಸರಸರನೆ ಓಡುತ್ತದೆ. ಅಂಥದೊಂದು ಕಂಡ ಗಿಡಕ್ಕೆ ಸೋಪಿನ ನೀರನ್ನೂ ಹೊಡೆಯದೆ, ಇರುವೆಯನ್ನು ಮಾತ್ರ ತಡೆದು, ಎರಡು ವಾರ ಬಿಟ್ಟು ನೋಡಬೇಕು.