ಹೊರೆ ಇಳಿದ ಮೇಲಿನ ದಾರಿ

ಜಾನ್ ಬನ್ಯನ್‌ನ ‘ದಿ ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ ಓದಿದವರಿಗೆ ಮೊದಲು ನೆನಪಾಗುವುದು ಶಿಲುಬೆಯ ಬಳಿಯ ದೃಶ್ಯ. ಪಾಪದ ಹೊರೆ ಹೊತ್ತು ಬಂದ ಕಥಾನಾಯಕ ಕ್ರಿಶ್ಚಿಯನ್ ಅಲ್ಲಿಗೆ ಮುಟ್ಟಿದ್ದೇ ತಡ, ಹೊರೆ ತಾನಾಗಿ ಕಳಚಿ ಉರುಳುತ್ತ ಹೋಗಿ ಸಮಾಧಿಯೊಳಕ್ಕೆ ಬೀಳುತ್ತದೆ. ನಮ್ಮ ಪ್ರಾರ್ಥನಾಕೂಟಗಳಲ್ಲಿ ಸಾಕ್ಷಿ ಹೇಳುವವರು ಬಹುಪಾಲು ಮಾತು ಮುಗಿಸುವುದು ಇಂಥ ಗಳಿಗೆಯಲ್ಲೇ: ಕುಡಿತ ಬಿಟ್ಟೆ, ರಕ್ಷಣೆ ಹೊಂದಿದೆ, ದೇವರಿಗೆ ಸ್ತೋತ್ರ. ಬನ್ಯನ್ ಅದನ್ನು ಕಥೆಯ ಅರ್ಧಕ್ಕೂ ಮುಂಚೆಯೇ ಮುಗಿಸಿಬಿಡುತ್ತಾನೆ. ಕಡಿದಾದ ಬೆಟ್ಟ, ಅಪೊಲ್ಲಿಯೋನನೆಂಬ ರಾಕ್ಷಸನೊಡನೆ ಕಾಳಗ, ಜೊತೆಗಾರ ಫೇತ್‌ಫುಲ್‌ನನ್ನು ಕೊಲ್ಲುವ ವ್ಯಾನಿಟಿ ಫೇರ್ ಎಂಬ ಜಾತ್ರೆ, ಎಲ್ಲವೂ ಆಮೇಲಿನವು. ಕೃತಿಯ ದೊಡ್ಡತನ ಈ ಜೋಡಣೆಯಲ್ಲಿದೆ.

ಬನ್ಯನ್ ಇಂಗ್ಲೆಂಡಿನ ಬೆಡ್‌ಫರ್ಡ್ ಸೀಮೆಯವನು, ಪಾತ್ರೆಪಗಡೆ ರಿಪೇರಿ ಮಾಡುತ್ತಿದ್ದವನು. ಅನುಮತಿಯಿಲ್ಲದೆ ಬೋಧಿಸಿದ್ದಕ್ಕೆ 1660ರಿಂದ ಹನ್ನೆರಡು ವರ್ಷದಷ್ಟು ಕಾಲ ಸೆರೆಯಲ್ಲಿದ್ದ. ಪುಸ್ತಕದ ಮೊದಲ ಭಾಗ ಅಚ್ಚಾದದ್ದು 1678ರಲ್ಲಿ. ಬಾಸೆಲ್ ಮಿಷನ್ನಿನವರು 19ನೇ ಶತಮಾನದಲ್ಲೇ ಅದನ್ನು ‘ಯಾತ್ರಿಕನ ಸಂಚಾರ’ವೆಂದು ಕನ್ನಡಕ್ಕೆ ತಂದರು.

ಸೆರೆಯ ಅನುಭವ ಎದ್ದು ಕಾಣುವುದು ಸಂದೇಹದ ಕೋಟೆಯ ಪ್ರಸಂಗದಲ್ಲಿ. ಕಲ್ಲುದಾರಿಯಲ್ಲಿ ಕಾಲು ನೊಂದಿದೆ; ಪಕ್ಕದಲ್ಲೇ ಹಸಿರು ಹುಲ್ಲುಗಾವಲು. ಅತ್ತ ದಾಟೋಣ ಎನ್ನುವವನು ಹೊಸ ಜೊತೆಗಾರ ಹೋಪ್‌ಫುಲ್ ಅಲ್ಲ, ಇಷ್ಟೆಲ್ಲ ಗೆದ್ದು ಬಂದ ಕ್ರಿಶ್ಚಿಯನ್ನೇ. ನಿರಾಶೆಯೆಂಬ ದೈತ್ಯ ಇಬ್ಬರನ್ನೂ ಹಿಡಿದು ಬುಧವಾರದಿಂದ ಶನಿವಾರದವರೆಗೆ ಅನ್ನ, ನೀರು, ಬೆಳಕಿಲ್ಲದ ಕತ್ತಲಕೋಣೆಯಲ್ಲಿ ಕೂಡುತ್ತಾನೆ, ಬಡಿಯುತ್ತಾನೆ, ನಿಮ್ಮನ್ನು ನೀವೇ ಕೊಂದುಕೊಳ್ಳಿ ಎಂದು ಬುದ್ಧಿ ಹೇಳುತ್ತಾನೆ. ರಾತ್ರಿಯಿಡೀ ಪ್ರಾರ್ಥಿಸಿದ ಮೇಲೆ ಕ್ರಿಶ್ಚಿಯನ್‌ಗೆ ಹೊಳೆಯುತ್ತದೆ: ವಾಗ್ದಾನವೆಂಬ ಬೀಗದಕೈ ಮೊದಲಿನಿಂದಲೂ ಎದೆಯಲ್ಲೇ ಇದೆ. ಒಳಬಾಗಿಲು ಸಲೀಸಾಗಿ ತೆರೆಯುತ್ತದೆ. ಹೊರಗಿನ ಕಬ್ಬಿಣದ ಗೇಟು ಮಾತ್ರ ಹಟ ಹಿಡಿಯುತ್ತದೆ. ಬೀಗ ತಿರುಗಿಸಲು ಬಲ ಹಾಕಬೇಕಾಗುತ್ತದೆ. ವಿಶ್ವಾಸವಿದ್ದವನಿಗೆ ಎಲ್ಲ ಬೀಗವೂ ಹೂವೆತ್ತಿದಂತೆ ತೆರೆಯುತ್ತದೆಂದು ಬನ್ಯನ್ ಹೇಳಲಿಲ್ಲ. ಹಳೆಯ ವಿಶ್ವಾಸಿಗೂ ನಿರಾಶೆ ಬರುತ್ತದೆ ಎಂದು ಇಷ್ಟು ನೇರವಾಗಿ ಬರೆದ ಧಾರ್ಮಿಕ ಪುಸ್ತಕಗಳು ಕಡಿಮೆ.

ಆದರೂ ಮೊದಲ ಭಾಗವನ್ನು ಪೂರ್ತಿ ಒಪ್ಪಲು ನನಗಾಗುವುದಿಲ್ಲ. ಹೆಂಡತಿ ಮಕ್ಕಳು ಕೂಗಿ ಕರೆಯುತ್ತಿದ್ದರೂ ಕಿವಿಗೆ ಬೆರಳಿಟ್ಟು ಓಡುವವನು ನಾಯಕ. ಆತ್ಮಿಕ ಬೆಳವಣಿಗೆಯೆಂದರೆ ಮನೆಯಿಂದ ದೂರವಾಗುವುದು ಎಂಬ ಭಾವನೆಗೆ ಇಲ್ಲಿ ಜಾಗವಾಗುತ್ತದೆ. ಇಗ್ನೊರೆನ್ಸ್ ಎಂಬ ಯುವಕ ಸ್ವರ್ಗದ ಬಾಗಿಲವರೆಗೂ ನಡೆದು ಬಂದು, ಅಲ್ಲಿಂದಲೇ ನರಕಕ್ಕೆ ಹೋಗುವ ಮುಕ್ತಾಯದಲ್ಲಿ ಸಿದ್ಧಾಂತ ಗೆದ್ದಿದೆ, ಕರುಣೆ ಸೋತಿದೆ.

1684ರಲ್ಲಿ ಬಂದ ಎರಡನೆಯ ಭಾಗವನ್ನು ವಿಮರ್ಶಕರು ಹಲವರು ಸಪ್ಪೆಯೆನ್ನುತ್ತಾರೆ. ಕಥೆಯ ಬಿಗಿ ಸಡಿಲವಾಗಿದೆ, ಉಪದೇಶ ಹೆಚ್ಚಾಗಿದೆ, ನಿಜ. ಆದರೆ ಮನುಷ್ಯ ಬದಲಾಗುವ ಬಗೆಯನ್ನು ಇದೇ ಹೆಚ್ಚು ಬಲ್ಲದು ಎಂಬುದು ನನ್ನ ನಿಲುವು. ಹಿಂದುಳಿದಿದ್ದ ಹೆಂಡತಿ ಕ್ರಿಸ್ಟಿಯಾನಾ ಈಗ ಮಕ್ಕಳನ್ನು ಕಟ್ಟಿಕೊಂಡು ಅದೇ ದಾರಿ ಹಿಡಿಯುತ್ತಾಳೆ. ಮಾರ್ಗದರ್ಶಿ ಗ್ರೇಟ್‌ಹಾರ್ಟ್ ಜೊತೆಗಿದ್ದಾನೆ. ನನ್ನಿಂದ ನಿಮಗೆ ತಡವಾಗುತ್ತದೆಂದು ಹಿಂಜರಿಯುವ ಫೀಬಲ್‌ಮೈಂಡ್‌ಗೆ ಅವನು, ನಿನಗಾಗಿ ಕಾಯುತ್ತೇವೆ, ನಿನ್ನನ್ನು ಬಿಟ್ಟು ಹೋಗುವುದಿಲ್ಲ ಎನ್ನುತ್ತಾನೆ. ಊರುಗೋಲಿನ ರೆಡಿ ಟು ಹಾಲ್ಟ್ ಕೂಡ ಸೇರಿಕೊಳ್ಳುತ್ತಾನೆ. ಕ್ರಿಶ್ಚಿಯನ್ ತಪ್ಪಿಸಿಕೊಂಡಷ್ಟೇ ಆಗಿದ್ದ ಕೋಟೆಯನ್ನು ಈ ನಿಧಾನದ ಬಳಗ ಕೆಡವಿಹಾಕುತ್ತದೆ, ದೈತ್ಯನನ್ನು ಕೊಲ್ಲುತ್ತದೆ. ಆ ಸಂತೋಷಕ್ಕೆ ರೆಡಿ ಟು ಹಾಲ್ಟ್ ಒಂದು ಕೈಯಲ್ಲಿ ಊರುಗೋಲು ಹಿಡಿದೇ ಕುಣಿಯುತ್ತಾನೆ. ಅವನ ಕಾಲು ವಾಸಿಯಾಗಿಲ್ಲ; ವಾಸಿಮಾಡುವ ಆತುರ ಬನ್ಯನ್‌ಗೂ ಇಲ್ಲ. ಯುವಕೂಟಗಳಲ್ಲಿ ಈ ಪುಸ್ತಕ ಓದಿಸುವವರು ಮೊದಲ ಭಾಗಕ್ಕೇ ನಿಲ್ಲಿಸದೆ ಇಲ್ಲಿಯವರೆಗೂ ಬರಬೇಕು. ಎಡವಿದ್ದನ್ನು ಸಭೆಯಲ್ಲಿ ಹೇಳಲು ನಾಚುವ ವಿಶ್ವಾಸಿ ತನ್ನನ್ನು ಕಂಡುಕೊಳ್ಳುವುದು ಈ ಪುಟಗಳಲ್ಲಿ.