ಮಾತು ಹೆಚ್ಚಾಯಿತು, ಕೇಳುವವನೆಲ್ಲಿ?

ನಮ್ಮ ಕಾಸರಗೋಡಿನ ಮನೆಗಳಲ್ಲಿ ರಿಮೋಟ್ ಒತ್ತುತ್ತಾ ಹೋದರೆ ಶಾಲೋಮ್, ಗುಡ್‌ನೆಸ್ ಎಂದು ಮಲಯಾಳದ ಕ್ರೈಸ್ತ ಚಾನೆಲ್‌ಗಳು ಒಂದರ ಹಿಂದೆ ಒಂದು ಸಿಗುತ್ತವೆ. ಹಗಲೂ ರಾತ್ರಿಯೂ ಪೂಜೆ, ಜಪಮಾಲೆ, ಧ್ಯಾನ, ಸಾಕ್ಷಿ. ಇದು ವಿಪರೀತವಾಯಿತು ಮಾರಾಯ್ರೆ ಎಂದು ಗೊಣಗುವವರಿದ್ದಾರೆ. ಅವರದೇ ಮನೆಯಲ್ಲಿ ಬೆಳಗ್ಗೆ ಎದ್ದರೆ ತಿರುಪತಿಯ ಚಾನೆಲ್ಲು, ಅದಿರಲಿ. ನನಗಿರುವ ತಕರಾರು ಬೇರೆ. ಇಷ್ಟೊಂದು ಮಾತಾಡುವವರಿಗೆ ಎದುರಿಗೆ ಕೇಳುತ್ತಾ ಕೂತವನು ಯಾರು ಎಂಬ ಅಂದಾಜು ಇದೆಯೇ?

ಹಿಂದೆ ಇತ್ತು ಅನ್ನಿಸುತ್ತದೆ. ಶಾರ್ಟ್‌ವೇವ್ ಕೇಳಿದವರಿಗೆ ಫೀಬಾ ರೇಡಿಯೋ ನೆನಪಿರಬಹುದು. 1970ರಿಂದ 2003ರವರೆಗೆ ಅದು ಸೇಶೆಲ್ಸ್ ದ್ವೀಪದಿಂದ ಭಾರತದ ಹಲವು ಭಾಷೆಗಳಲ್ಲಿ ಬಿತ್ತರವಾಯಿತು, ಕನ್ನಡದಲ್ಲೂ. ಏರುತ್ತಾ ಇಳಿಯುತ್ತಾ ಬರುವ ದನಿ; ಒಂದು ವಾಕ್ಯ ಕೇಳಿದರೆ ಇನ್ನೊಂದು ಗೊರಗೊರ. ಸೆಟ್ಟಿಗೆ ಕಿವಿ ಹಚ್ಚಿ ಕೂತವನು ಒಬ್ಬನೇ ಎಂದು ಓದುವವರಿಗೆ ಗೊತ್ತಿದ್ದಂತಿತ್ತು. ಹಾಗಾಗಿ ಮಾತು ನಿಧಾನ, ಕೊನೆಗೆ ಪತ್ರ ಬರೆಯಲು ವಿಳಾಸ. ಕ್ರೈಸ್ತನಲ್ಲದ ನಾನೂ ಬರೆದೆ, ಉತ್ತರ ಬಂತು.

'ಥ್ರೂ ದ ಬೈಬಲ್' ಎಂಬ ಇನ್ನೊಂದು ಕಾರ್ಯಕ್ರಮವಿದೆ. ಲಾಸ್ ಏಂಜಲೀಸಿನ ಬೋಧಕ ವರ್ನನ್ ಮ್ಯಾಗೀ 1967ರಲ್ಲಿ ಆರಂಭಿಸಿದ್ದು. ಅವರು 1988ರಲ್ಲಿ ತೀರಿಕೊಂಡರೂ ಅದು ನೂರಕ್ಕೂ ಹೆಚ್ಚು ಭಾಷೆಗಳಲ್ಲಿ, ಕನ್ನಡದಲ್ಲಿಯೂ, ನಡೆದಿದೆ. ದಿನಕ್ಕೆ ಅರ್ಧ ಗಂಟೆಯಂತೆ ಇಡೀ ಬೈಬಲ್ ಮುಗಿಸಲು ಐದು ವರ್ಷ! ಅದರ ಮತವಿಚಾರ ಒಪ್ಪದವನಿಗೂ ಈ ತಾಳ್ಮೆ ಮೆಚ್ಚಿಗೆಯಾಗಬೇಕು. ನಮ್ಮಲ್ಲಿ ಗದುಗಿನ ಭಾರತ ವಾಚನ ಮಾಡಿ ಪದ್ಯಪದ್ಯಕ್ಕೂ ವ್ಯಾಖ್ಯಾನ ಹೇಳುವ ಗಮಕಿಗಳ ಜಾತಿಯೇ ಇದು. ಪಠ್ಯ ಮುಂದೆ, ಹೇಳುವವನು ಹಿಂದೆ.

ಈಗ ಟಿ.ವಿ.ಯಲ್ಲಿ ದುಡ್ಡು ಕೊಟ್ಟು ಅರ್ಧ ಗಂಟೆ ಕೊಂಡವರ ಕಾರ್ಯಕ್ರಮ ನೋಡಿ. ಬೋಧಕರು ಇಂಗ್ಲಿಷಿನಲ್ಲೋ ತಮಿಳಿನಲ್ಲೋ ಕೂಗುತ್ತಾರೆ, ಪಕ್ಕದವರು ಅದೇ ಗತಿಯಲ್ಲಿ ಕನ್ನಡ ಕೂಗುತ್ತಾರೆ. ಉಸಿರಾಡಲು ಇಬ್ಬರಿಗೂ ಪುರುಸೊತ್ತಿಲ್ಲ. ಬೈಬಲಿನ ಒಂದು ವಾಕ್ಯ ಓದಿದ್ದೇ ನೆಪ, ಉಳಿದದ್ದೆಲ್ಲ ಬೆನ್ನುನೋವು ಹೋಯಿತು, ಸಾಲ ತೀರಿತು, ವೀಸಾ ಸಿಕ್ಕಿತು. ಕೆಳಗೆ ಬ್ಯಾಂಕಿನ ಖಾತೆ ಸಂಖ್ಯೆ ಓಡುತ್ತಿರುತ್ತದೆ. ಕೇಬಲ್ ಟಿ.ವಿ.ಯ 1994ರ ನಿಯಮದಂತೆ ಧಾರ್ಮಿಕ ಉದ್ದೇಶದ ಜಾಹೀರಾತು ಕೂಡದು. ಅರ್ಧ ಗಂಟೆಯನ್ನೇ ಕೊಂಡರೆ ಅದಕ್ಕೆ ಕಾರ್ಯಕ್ರಮವೆಂಬ ಹೆಸರು. ಈ ವಾರದ ಅರ್ಧ ಗಂಟೆ ಮುಂದಿನ ವಾರದ್ದಕ್ಕೆ ದುಡ್ಡು ಹುಟ್ಟಿಸಬೇಕಾದಾಗ ಪದಪದವಾಗಿ ವಿವರಿಸುತ್ತಾ ಕೂರುವುದು ಯಾರಿಗೆ ಪೂರೈಸೀತು?

ಕನ್ನಡಕ್ಕಾದರೂ ಇಂಥ ಗತಿ ಬರಬೇಕಾಗಿರಲಿಲ್ಲ. ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಕಿಟ್ಟೆಲರ ನಿಘಂಟು ಅಚ್ಚಾದದ್ದು 1894ರಲ್ಲಿ. ಕ್ರೈಸ್ತರ ಕನ್ನಡಕ್ಕೆ ಅಷ್ಟು ಹಳೆಯ ಬೇರಿದೆ. ಬೇಳ, ಕಯ್ಯಾರ, ಮಂಜೇಶ್ವರದ ಇಗರ್ಜಿಗಳು ಗಡಿಯಾಚೆಗಿದ್ದರೂ ಮಂಗಳೂರು ಧರ್ಮಪ್ರಾಂತ್ಯಕ್ಕೇ ಸೇರಿವೆ. ಅಲ್ಲಿನ ಕೊಂಕಣಿ ಮನೆಗಳ, ಕನ್ನಡ ಶಾಲೆಗಳ ಮಕ್ಕಳು ಈಗ ಟಿ.ವಿ.ಯಿಂದ ಮಲಯಾಳದ ಪ್ರಾರ್ಥನೆ ಕಲಿಯುತ್ತಿದ್ದಾರೆ. ಮಲಯಾಳ ಕಲಿತರೆ ನಷ್ಟವೇನೂ ಇಲ್ಲ. ಆದರೆ ಅಜ್ಜಿ ಹೇಳಿಕೊಟ್ಟದ್ದು ಮನೆಯಲ್ಲೇ ಹಳತಾಗಿ ಕಾಣತೊಡಗಿದೆ, ಇದು ನಷ್ಟ.

ಮಂಗಳೂರಿನ ಅಲೋಶಿಯಸ್ ವಿದ್ಯಾಸಂಸ್ಥೆಯ ಜೆಸ್ವಿಟರು ರೇಡಿಯೋ ಸಾರಂಗ್ ಎಂಬ ಸಮುದಾಯ ಬಾನುಲಿ ನಡೆಸುತ್ತಾರೆ: 107.8 ಎಫ್.ಎಂ. ಅದರಲ್ಲಿ ಕನ್ನಡ, ತುಳು, ಕೊಂಕಣಿ, ಬ್ಯಾರಿ ಎಲ್ಲ ಕೇಳಿಸುತ್ತವೆ, ಊರಿನವರೇ ಬಂದು ಮಾತಾಡುತ್ತಾರೆ. ಪಾದ್ರಿಗಳು ನಡೆಸುವ ರೇಡಿಯೋದಲ್ಲಿ ಬ್ಯಾರಿಯ ಮಾತು! ಇಪ್ಪತ್ತನಾಲ್ಕು ಗಂಟೆಯ ಚಾನೆಲ್ಲುಗಳು ವಾರಕ್ಕೊಂದು ಗಂಟೆ ಹೀಗೆ ಮೈಕನ್ನು ಈಚೆಗೆ ತಿರುಗಿಸಲಿ, ಖಾತೆ ಸಂಖ್ಯೆಯ ಜಾಗದಲ್ಲಿ ಪತ್ರ ಬರೆಯಲು ಒಂದು ವಿಳಾಸ ಹಾಕಲಿ. ಬರೆಯುವವರು ನಮ್ಮ ಕಡೆ ಇನ್ನೂ ಇದ್ದಾರೆ.